ಬೂಟಿನೊಳಗಿನ ನೀರು

ಸತ್ತವನ ಗಮ್ ಬೂಟಿನಿಂದ ಬಸಿದ ನೀರು ಒಂಬತ್ತು ದಿನ ಸಬ್ ಇನ್ಸ್‌ಪೆಕ್ಟರ್ ಮಸೂದಾಳ ಮನೆಯ ಫ್ರಿಜ್ಜಿನಲ್ಲಿ, ಹಾಲಿನ ಪ್ಯಾಕೆಟ್ಟಿನ ಪಕ್ಕ ಕೂತಿತ್ತು. ಅವಳ ಅಮ್ಮಿ ದಿನಕ್ಕೆರಡು ಸಲ ಬೈದಿದ್ದಳು. ಈ ಬೆಳಿಗ್ಗೆ ಆ ಬಾಟಲಿ ಹುಲಿಮಡು ಹಳ್ಳದ ದಂಡೆಯ ಬಂಡೆಯೊಂದರ ಮೇಲೆ ನಿಂತಿತ್ತು. ಒಳಗಿನ ನೀರಿಗೆ ಹಳೆಯ ಕಷಾಯದ ಬಣ್ಣ.

ಸತ್ತವನ ಸಹೋದ್ಯೋಗಿ ಪೂಜಿತಾ ಒಂದಿಷ್ಟನ್ನು ಗಾಜಿನ ಲೋಟಕ್ಕೆ ಸುರಿದು, ಪೆನ್ನಿನಂಥ ಮೀಟರನ್ನು ಅದರಲ್ಲಿ ಅದ್ದಿದಳು. ಅಂಕಿಗಳು ಸ್ವಲ್ಪ ಹೊತ್ತು ತಡಕಾಡಿ ನಿಂತವು.

"ನಾಲ್ಕು ಪಾಯಿಂಟ್ ಒಂದು."

"ಅಂದ್ರೆ?" ಮಸೂದಾ ಕೇಳಿದಳು.

"ಹುಳಿ ಮೇಡಂ. ಹುಳಿಬಂದ ಮಜ್ಜಿಗೆ ಇರುತ್ತಲ್ಲ, ಅಷ್ಟು." ಪೂಜಿತಾ ಮೀಟರನ್ನು ತೊಳೆದು, ಬಗ್ಗಿ, ಹರಿಯುವ ಹಳ್ಳದೊಳಗೇ ಇಳಿಬಿಟ್ಟಳು. "ಇದು ಆರು ಪಾಯಿಂಟ್ ಒಂಬತ್ತು. ಹಳ್ಳದ ನೀರನ್ನ ನೀವು ಒಂದು ತಿಂಗಳು ಮುಚ್ಚಿಟ್ಟರೂ ಇಷ್ಟು ಹುಳಿಯಾಗಲ್ಲ. ಬೂಟಿನಲ್ಲಿದ್ದದ್ದು ಈ ನೀರೇ ಅಲ್ಲ."

ಮಸೂದಾ ಲೋಟವನ್ನು ಮೂಗಿನ ಹತ್ತಿರ ಹಿಡಿದಳು. ಸುಗ್ಗಿಯ ಕಾಲದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಗಳ ಮುಂದೆ ಹಾದುಹೋದವರಿಗೆಲ್ಲ ಗೊತ್ತಿರುವ ವಾಸನೆ ಅದು.

ಎರಡು ವರ್ಷದಿಂದ ಈ ಹಳ್ಳದ ಹರಿವನ್ನೂ ನೀರಿನ ಗುಣವನ್ನೂ ಅಳೆಯುತ್ತಿದ್ದ ರವಿಚಂದ್ರ, ಹೋದ ವಾರದ ಮಂಗಳವಾರ, ತಾನೇ ಕಟ್ಟಿಸಿದ ಅಳತೆ ಕಟ್ಟೆಯಲ್ಲಿ ಬೋರಲು ಬಿದ್ದಿದ್ದ. ಶ್ವಾಸಕೋಶದ ತುಂಬ ನೀರು ಎಂದು ಡಾಕ್ಟರ್ ಬರೆದರು. ಕಾಲು ಜಾರಿ ಮುಳುಗಿದ್ದಾನೆ, ಫೈಲ್ ಮುಗಿಸಿ ಎಂದು ಮೇಲಿನವರು ಹೇಳಿದರು. ಆ ಮುಗಿಸುವ ಗಡುವು ಇವತ್ತು ಸಂಜೆಗೆ ತೀರುತ್ತಿತ್ತು.

ಮಸೂದಾಳಿಗೆ ಮೊದಲ ದಿನವೇ ಒಂದು ವಿಷಯ ಕಚ್ಚಿಕೊಂಡಿತ್ತು. ರವಿಚಂದ್ರ ರಕ್ತ ಹೀರುವ ಇಂಬಳಕ್ಕೆ ಹೆದರಿ, ಟೈರ್ ಟ್ಯೂಬಿನ ಪಟ್ಟಿ ಕತ್ತರಿಸಿ ಬೂಟಿನ ಬಾಯನ್ನು ಮೊಣಕಾಲ ಕೆಳಗೆ ಬಿಗಿಯಾಗಿ ಕಟ್ಟುತ್ತಿದ್ದ. ಅಷ್ಟು ಬಿಗಿದ ಬೂಟಿನೊಳಗೆ ನೀರು ತುಂಬಬೇಕಾದರೆ ಕಾಲು ಬಹಳ ಹೊತ್ತು ಆಳದಲ್ಲಿರಬೇಕು. ಕಟ್ಟೆಯಲ್ಲಿದ್ದದ್ದು ಮೊಣಕಾಲುದ್ದದ ನೀರು. ಹೆಡ್ ಕಾನ್‌ಸ್ಟೇಬಲ್ ಲಕ್ಕಯ್ಯ ಬೂಟು ಎಳೆದಾಗ ಕಂದು ನೀರು ಕಂಡಿತು. "ಚೆಲ್ಬುಡ್ಲಾ ಮೇಡಮ್ನೋರೆ?" ಎಂದಿದ್ದ. ಬೇಡ ಎಂದು ಅವಳೇ ತನ್ನ ಕುಡಿಯುವ ಬಾಟಲಿಯನ್ನು ಖಾಲಿ ಮಾಡಿ ಹಿಡಿದಿದ್ದಳು.

"ಇನ್ನೊಂದಿದೆ," ಎಂದಳು ಪೂಜಿತಾ.

ಕಟ್ಟೆಯ ಪಕ್ಕದ ಕಬ್ಬಿಣದ ಪೆಟ್ಟಿಗೆಯಲ್ಲಿ ನೀರಿನ ಮಟ್ಟವನ್ನು ಹತ್ತು ನಿಮಿಷಕ್ಕೊಮ್ಮೆ ತಾನೇ ಬರೆದುಕೊಳ್ಳುವ ಯಂತ್ರವಿತ್ತು. ಅದರ ಕೀಲಿ ರವಿಚಂದ್ರನ ಬಳಿ ಇರುತ್ತಿತ್ತು, ಆದರೆ ಅವನ ಜೇಬಿನಲ್ಲಿ ಸಿಕ್ಕಿರಲಿಲ್ಲ. ಇನ್ನೊಂದು ಕೀಲಿಯನ್ನು ಅವರ ಸಂಸ್ಥೆ ನಿನ್ನೆ ಕೊರಿಯರಿನಲ್ಲಿ ಕಳಿಸಿತ್ತು. ರವಿಚಂದ್ರನ ಜೊತೆ ಕೆಲಸ ಮಾಡುತ್ತಿದ್ದವಳು ಪೂಜಿತಾ ಒಬ್ಬಳೇ. ಅವಳು ಬಂಡೆಯ ಮೇಲೆ ಲ್ಯಾಪ್‌ಟಾಪ್ ತೆರೆದು ಆ ಮಂಗಳವಾರದ ಗೆರೆಯನ್ನು ತೋರಿಸಿದಳು.

ಗೆರೆ ರಾತ್ರಿಯಿಡೀ ದಾರ ಎಳೆದಂತೆ ನೆಟ್ಟಗಿತ್ತು. ಬೆಳಿಗ್ಗೆ ಏಳು ನಲವತ್ತಕ್ಕೆ ಇದ್ದಕ್ಕಿದ್ದಂತೆ ಮೂರು ಇಂಚು ಮೇಲೆದ್ದಿತ್ತು. ಅಲ್ಲಿಂದ ಹತ್ತು ಐವತ್ತರವರೆಗೆ ಹಾಗೇ ನಿಂತು, ಧೊಪ್ಪನೆ ಕೆಳಗೆ ಬಿದ್ದಿತ್ತು.

"ಮಳೆ ಬಂದಿತ್ತಾ?"

"ಒಂದು ಹನಿಯೂ ಇಲ್ಲ."

ಮಸೂದಾ ಕಟ್ಟೆಯನ್ನು ನೋಡಿದಳು. ನಡುವೆ ಅಳತೆಗೆಂದು ಬಿಟ್ಟ ಕಿರಿದಾದ ಕಂಡಿ. ನೀರೆಲ್ಲ ಆ ಕಂಡಿಯಿಂದಲೇ ಹೋಗಬೇಕು. ರವಿಚಂದ್ರನ ಭುಜ ಸಿಕ್ಕಿಕೊಂಡಿದ್ದದ್ದು ಅಲ್ಲೇ.

"ಹತ್ತು ಐವತ್ತಕ್ಕೆ ನಾವು ಹೆಣ ಎತ್ತಿದ್ವಿ," ಎಂದಳು ನಿಧಾನಕ್ಕೆ. "ಏಳು ನಲವತ್ತಕ್ಕೆ ಯಾರೋ ತಂದು ಹಾಕಿದರು. ಹೆಣವೇ ನೀರಿಗೆ ಅಡ್ಡವಾಯ್ತು."

"ಡಾಕ್ಟರ್ ಸಾವು ಹಿಂದಿನ ಸಂಜೆ ಅಂದಿದಾರೆ, ಅಲ್ವಾ ಮೇಡಂ?"

"ಹೌದು. ಎಂಟು ಗಂಟೆ ಆಸುಪಾಸು."

ಹಳ್ಳ ತನ್ನ ಪಾಡಿಗೆ ಕಂಡಿಯಿಂದ ಧುಮುಕುತ್ತಿತ್ತು. ಹನ್ನೆರಡು ಗಂಟೆ ಎಲ್ಲೋ ಬಿದ್ದಿದ್ದ ಹೆಣ. ಎಲ್ಲಿ?

"ಕಟ್ಟೆಯ ಮೇಲ್ಗಡೆ ಪಲ್ಪರ್ ಎಷ್ಟಿದಾವೆ?"

"ಒಂದೇ. ಬಿಳಿಗಲ್ಲು ಎಸ್ಟೇಟಿಂದು."

ಲಕ್ಕಯ್ಯ ಜೀಪಿನ ಪಕ್ಕದಲ್ಲಿ ಬೀಡಿ ಹೊಸಕಿ ಹಾಕಿದ. ನಿವೃತ್ತಿಗೆ ಏಳು ತಿಂಗಳಿದ್ದ, ಮೊಣಕಾಲು ನೋವೆಂದು ಕುಂಟುತ್ತಿದ್ದ ಅವನಿಗೆ ಏರು ದಾರಿಯೆಂದರೆ ಆಗದು. "ಜಯಕುಮಾರಣ್ಣೋರ ತೋಟ ಅದು ಮೇಡಮ್ನೋರೆ. ದೊಡ್ಡೋರು. ಫೋನ್ ಮಾಡಿ ಹೋಗಾದು ವಾಸಿ."

"ಫೋನ್ ಮಾಡದೆ ಹೋಗೋದು ಇನ್ನೂ ವಾಸಿ," ಎಂದಳು ಮಸೂದಾ.

ಹೆಗ್ಗದ್ದೆಯ ಕಡೆಗೆ ಕವಲೊಡೆದ ಮಣ್ಣಿನ ದಾರಿಯಲ್ಲಿ ಜೀಪು ಹತ್ತಿತು. ಎರಡೂ ಬದಿಗೆ ಆನೆಗೆಂದು ಎಳೆದ ಬೇಲಿಯ ತಂತಿ. ಅದರಾಚೆ ಹಣ್ಣು ಕೆಂಪಾಗಿ ಬಾಗಿದ ಗಿಡಗಳು. ಹಣ್ಣು ಕೊಯ್ಯುವ ಹೆಂಗಸರ ಮಾತು ಪೊಲೀಸ್ ಜೀಪು ಕಂಡಲ್ಲೆಲ್ಲ ನಿಂತು, ಜೀಪು ದಾಟಿದ ಮೇಲೂ ಮತ್ತೆ ಶುರುವಾಗಲಿಲ್ಲ.

ಜಯಕುಮಾರ್ ಒಣಗಿಸುವ ಕಣದ ಅಂಚಿನಲ್ಲಿ ನಿಂತಿದ್ದ. ಐವತ್ತು ದಾಟಿದ, ಮಾತು ಅಳೆದು ಆಡುವ ಮನುಷ್ಯ. ಹಿಂದೆ ಎಸ್ಟೇಟಿನ ರೈಟರ್ ಮೋಹನ್, ಹಾಜರಿ ಪುಸ್ತಕವನ್ನು ಎದೆಗೆ ಅವುಚಿಕೊಂಡು.

"ಬನ್ನಿ ಮೇಡಂ. ಕಾಫಿ ತರಿಸ್ತೀನಿ."

"ಮೊದಲು ನಿಮ್ಮ ಕೊಳೆನೀರಿನ ಗುಂಡಿ ತೋರ್ಸಿ."

ಆತ ಮುಖ ಗಂಟಿಕ್ಕಲಿಲ್ಲ. ನಗುತ್ತಲೇ ಕರೆದುಕೊಂಡು ಹೋದ. ಪಲ್ಪರ್ ಮನೆಯ ಕೆಳಗೆ ಮೂರು ಗುಂಡಿ, ತಳಕ್ಕೆ ಕಪ್ಪು ಪ್ಲಾಸ್ಟಿಕ್ ಹಾಸು, ಅಂಚಿನಲ್ಲಿ ಸುಣ್ಣದ ಚೀಲಗಳು. ಪೂಜಿತಾ ಮೂರರಲ್ಲೂ ಮೀಟರ್ ಅದ್ದಿದಳು.

"ಏಳು ಪಾಯಿಂಟ್ ಎರಡು," ಎಂದಳು. "ಸುಣ್ಣ ಹಾಕಿ ಹುಳಿ ಮುರಿದಿದಾರೆ."

"ನಮ್ದು ಎಲ್ಲಾ ಕಾನೂನು ಪ್ರಕಾರ ಮೇಡಂ," ಎಂದ ಜಯಕುಮಾರ್. "ಆ ಹುಡುಗ ರವಿಚಂದ್ರನೂ ಬಂದು ನೋಡ್ಕೊಂಡು ಹೋಗ್ತಿದ್ದ. ಪಾಪ."

ಬೂಟಿನ ನೀರು ಈ ಗುಂಡಿಗಳದ್ದಲ್ಲ. ಪೂಜಿತಾ ಮಸೂದಾಳ ಪಕ್ಕಕ್ಕೆ ಸರಿದು ಮೆಲ್ಲಗೆ ಹೇಳಿದಳು: "ಎಷ್ಟು ಹಣ್ಣು ಪಲ್ಪ್ ಮಾಡಿದಾರೆ ಕೇಳಿ ಮೇಡಂ."

ಮಸೂದಾ ರೈಟರ್ ಕಡೆ ತಿರುಗಿದಳು. "ಈ ಸುಗ್ಗೀಲಿ ಇಲ್ಲೀತನಕ ಎಷ್ಟು ಹಣ್ಣು?"

ಮೋಹನ್ ಧಣಿಯ ಮುಖ ನೋಡಿದ. "ಅದೂ... ಅರವತ್ತು ಟನ್ ಆಗಿರ್ಬೌದು."

"ಕೆಜಿಗೆ ಏನಿಲ್ಲ ಅಂದ್ರೂ ಐದು ಲೀಟರ್ ನೀರು ಬೇಕು," ಎಂದಳು ಪೂಜಿತಾ. "ಮೂರು ಲಕ್ಷ ಲೀಟರ್ ಆಯ್ತು. ಈ ಮೂರು ಗುಂಡಿ ತುಂಬಿ ತುಳುಕಿದರೂ ಒಂದೂಕಾಲು ಲಕ್ಷ. ಈಗ ಅರ್ಧವೂ ತುಂಬಿಲ್ಲ."

"ಉಳಿದ ನೀರು ಎಲ್ಲಿ ಹೋಯ್ತು ಜಯಕುಮಾರ್ ಅವರೇ?"

"ಬಿಸಿಲಿಗೆ ಆರುತ್ತೆ ಮೇಡಂ."

"ಇಷ್ಟು ಮೋಡ ಇಟ್ಕೊಂಡಾ?"

"ನೋಡಿ, ನೀವು ಬಂದಿರೋದು ಯಾವ ಅಧಿಕಾರದ ಮೇಲೆ? ಅದು ಜಾರಿ ಬಿದ್ದ ಕೇಸು ಅಂತ ನಿಮ್ಮ ಸಾಹೇಬರೇ ನನಗೆ..." ಅಲ್ಲಿಗೆ ಆತ ನಾಲಿಗೆ ಕಚ್ಚಿಕೊಂಡ.

"ನಿಮಗೆ ಏನು ಹೇಳಿದರು?"

ಮಸೂದಾ ಉತ್ತರಕ್ಕೆ ಕಾಯಲಿಲ್ಲ. ಪಲ್ಪರಿನಿಂದ ಗುಂಡಿಗೆ ಇಳಿಯುವ ಸಿಮೆಂಟಿನ ಚರಂಡಿಯ ಜಾಡು ಹಿಡಿದು ಹಿಂದಕ್ಕೆ ನಡೆದಳು. ಅರ್ಧ ದಾರಿಯಲ್ಲಿ ಚರಂಡಿಗೆ ಒಂದು ಹಲಗೆ ಅಡ್ಡವಿತ್ತು. ಹಲಗೆಯ ಆಚೆ ಸಿಪ್ಪೆಯ ದೊಡ್ಡ ರಾಶಿ, ರಾಶಿಯ ಅಡಿಗೆ ನುಗ್ಗಿದ ಇನ್ನೊಂದು ಕವಲು. ಅದರ ಸಿಮೆಂಟು ಇನ್ನೂ ಒದ್ದೆಯಾಗಿತ್ತು.

"ಲಕ್ಕಯ್ಯ, ಈ ಸಿಪ್ಪೆ ಸರಿಸ್ರಿ."

ಲಕ್ಕಯ್ಯ ಕದಲಲಿಲ್ಲ. ಅವಳು ಇನ್ನೊಮ್ಮೆ ಹೇಳಿದ ಮೇಲೆ ಸಲಿಕೆ ಎತ್ತಿಕೊಂಡ. ಕೊಳೆತ ಸಿಪ್ಪೆಯಿಂದ ಹಬೆ ಎದ್ದಿತು. ನಾಲ್ಕು ಸಲಿಕೆ ಎಳೆಯುವುದರೊಳಗೆ ಕಬ್ಬಿಣದ ಮುಚ್ಚಳ ಸಿಕ್ಕಿತು. ಬಾವಿಗೆ ಇಳಿಸುವಂಥ ಸಿಮೆಂಟಿನ ಬಳೆಗಳನ್ನು ಒಂದರ ಮೇಲೊಂದು ಕೂಡಿಸಿ ಮಾಡಿದ ತೊಟ್ಟಿ ಅದು, ಎರಡಾಳು ಆಳ. ಮುಚ್ಚಳಕ್ಕೆ ಹೊರಗಿನಿಂದ ಚಿಲಕ. ತೊಟ್ಟಿಯೊಳಗಿನ ಪಂಪಿನಿಂದ ಹೊರಟ ಪೈಪು ನಾಲ್ಕು ಮಾರು ಆಚೆ ನೆಲದಿಂದ ಎದ್ದ ಬೋರ್‌ವೆಲ್ಲಿನ ಕೊಳವೆಯೊಳಗೆ ಇಳಿದಿತ್ತು.

ಎಲ್ಲರಿಗೂ ಅರ್ಥವಾಯಿತು. ನೀರು ಸಿಗದ ಬೋರಿಗೆ ಕೊಳೆನೀರನ್ನು ಕುಡಿಸುತ್ತಿದ್ದರು.

ಮುಚ್ಚಳ ಎತ್ತಿದಾಗ ಗಾಳಿಯೇ ಹುಳಿಯಾಯಿತು. ಪೂಜಿತಾ ದಾರಕ್ಕೆ ಕಟ್ಟಿದ ಡಬ್ಬಿ ಇಳಿಬಿಟ್ಟು ನೀರೆತ್ತಿದಳು.

"ನಾಲ್ಕು," ಎಂದಳು.

ಮಸೂದಾ ಟಾರ್ಚು ಹಾಕಿದಳು. ಒಳಗೋಡೆಯ ತುಂಬ ಲೋಳೆ ಹಿಡಿದಿತ್ತು. ನೀರಿನ ಮಟ್ಟದಿಂದ ಒಂದು ಮೊಳ ಮೇಲೆ, ಆ ಲೋಳೆಯಲ್ಲಿ ಉದ್ದಕ್ಕೆ ಗೀಚಿದ ಗೆರೆಗಳು. ಐದೈದಾಗಿ. ಒಂದು ಕಡೆಯಲ್ಲ, ತೊಟ್ಟಿಯ ಸುತ್ತಲೂ. ಒಬ್ಬ ಮನುಷ್ಯ ಕತ್ತಲಲ್ಲಿ ಸುತ್ತಿ ಸುತ್ತಿ ಬಂದು, ಹಿಡಿಯಲು ಏನೂ ಸಿಗದೆ, ಉಗುರಿನಿಂದ ಗೋಡೆ ಹತ್ತಲು ನೋಡಿದ್ದ.

ಮೋಹನ್ ಹಾಜರಿ ಪುಸ್ತಕ ಕೆಳಗೆ ಬೀಳಿಸಿ, ಅಲ್ಲೇ ಕುಕ್ಕರಿಸಿ ಅಳತೊಡಗಿದ.

"ನಾವು ಕೊಂದಿಲ್ಲ ಮೇಡಂ," ಎಂದ ಜಯಕುಮಾರ್. ಅವನ ಅಳೆದ ಮಾತುಗಳೆಲ್ಲ ಚೆಲ್ಲಿಹೋಗಿದ್ದವು. "ದೇವರಾಣೆ ಕೊಂದಿಲ್ಲ. ಮಂಗಳವಾರ ಬೆಳಿಗ್ಗೆ ಪಂಪು ಕಟ್ಕೊಂಡಿತ್ತು. ಮೋಹನ ಮುಚ್ಚಳ ತೆಗೆದ. ಅವನು ಒಳಗಿದ್ದ. ತಣ್ಣಗಾಗಿದ್ದ."

"ಆಮೇಲೆ?"

"ಹೆದ್ರ್ಕಂಡ್ಬುಟ್ವಿ ಮೇಡಂ," ಮೋಹನ್ ಬಿಕ್ಕಿದ. "ಬೋರು ಹೊರಕ್ಕೆ ಬಂದ್ರೆ ಎಸ್ಟೇಟೇ ಮುಚ್ಚುಸ್ತಾರೆ ಅಂದ್ರು ಅಣ್ಣೋರು. ಪಿಕಪ್‌ನಾಗೆ ಟಾರ್ಪಾಲು ಹೊದ್ಸಿ ತಗಂಡೋಗಿ ಹಳ್ಳಕ್ಕೆ ಇಳ್ಸುದ್ವಿ. ಅವರ ಕಟ್ಟೇಲೇ ಹಾಕುದ್ರೆ ಜಾರಿದ್ರು ಅನ್ಕತಾರೆ ಅಂತ."

"ರವಿಚಂದ್ರನೇ ಬಗ್ಗಿ ನೀರು ತೆಗೆಯುವಾಗ ಬಿದ್ದಿರಬಹುದು. ಆಗ ನೀವು ಯಾಕೆ ಹೆದರಬೇಕು?"

ಜಯಕುಮಾರ್ ಹಣೆಯ ಬೆವರು ಒರೆಸಿಕೊಂಡ. ಆತ ಹೇಳಿದ್ದು ಮಸೂದಾಳಿಗೆ ಕೇಳಿಸಲು ಅವಳು ಹತ್ತಿರ ಬಾಗಬೇಕಾಯಿತು.

"ಮುಚ್ಚಳ ಹಾಕಿತ್ತು ಮೇಡಂ. ಮೇಲಿಂದ ಚಿಲಕ ಜಡಿದಿತ್ತು. ಅದರ ಮೇಲೆ ಸಿಪ್ಪೆ ಎಳೆದು ಮುಚ್ಚಿತ್ತು. ಸೋಮವಾರ ಸಂಜೆ ನಾವಿಬ್ರೂ ಆಲೂರಲ್ಲಿ ಮದುವೆ ಮನೇಲಿದ್ವಿ. ನೂರು ಜನ ನೋಡಿದಾರೆ. ಬೇಕಾದ್ರೆ ಕೇಳಿ."

ಸುಳ್ಳನ್ನು ಮಸೂದಾ ಬಹಳ ಕೇಳಿದ್ದಳು. ಇದು ಹಾಗೆ ಕೇಳಿಸಲಿಲ್ಲ. ಹೆಣ ಸಾಗಿಸಿದ್ದನ್ನು ಒಪ್ಪಿಕೊಂಡವನಿಗೆ ಚಿಲಕದ ಮಾತು ಎತ್ತುವ ಅಗತ್ಯವೇ ಇರಲಿಲ್ಲ. ಅದು ಅವನ ಕುತ್ತಿಗೆಗೇ ಬರುವ ಮಾತು.

ಅವಳು ಮುಚ್ಚಳವನ್ನು ಬೆಳಕಿಗೆ ತಿರುಗಿಸಿದಳು. ಒಳಅಂಚಿನಲ್ಲಿ, ತುಕ್ಕಿನ ನಡುವೆ, ಅಂಗೈಯಗಲ ಕಲೆ. ಗಾಢ ಗುಲಾಬಿ. ಅದು ರಕ್ತದ ಬಣ್ಣವಲ್ಲ.

"ಇದೇನು?"

ಪೂಜಿತಾ ಕಲೆಯನ್ನು ಮುಟ್ಟಿ ಬೆರಳು ನೋಡಿಕೊಂಡಳು. "ನಮ್ಮ ಬಣ್ಣದ ಪುಡಿ ಮೇಡಂ. ನೆಲದೊಳಗೆ ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ಕಂಡುಹಿಡಿಯೋಕೆ ಒಂದು ಕಡೆ ಬಣ್ಣ ಹಾಕ್ತೀವಿ, ಇನ್ನೊಂದು ಕಡೆ ಬರುತ್ತಾ ಅಂತ ಕಾಯ್ತೀವಿ."

"ಅಂದ್ರೆ ರವಿಚಂದ್ರನಿಗೆ ಈ ತೊಟ್ಟಿ ಮೊದಲೇ ಗೊತ್ತಿತ್ತು. ನಿಮಗೆ?"

"ನನಗೆ ಗೊತ್ತಿರಲಿಲ್ಲ," ಎಂದಳು ಪೂಜಿತಾ.

ಅಷ್ಟರಲ್ಲಿ ಗದ್ದಲ ಕೇಳಿ ಕೂಲಿ ಲೈನಿನ ಸಾಲುಮನೆಗಳ ಹೆಂಗಸರು ಕಣದ ಅಂಚಿಗೆ ಬಂದು ನಿಂತಿದ್ದರು. ಮುಂದೆ ತಾಯಮ್ಮ, ಲೈನಿನಲ್ಲೇ ಮೂವತ್ತು ವರ್ಷ ಕಳೆದ ಮುದುಕಿ, ಸೊಂಟದಲ್ಲಿ ಬಾಡಿದ ಸೊಪ್ಪಿನಂಥ ಒಂದು ಕೂಸು. ತೊಟ್ಟಿಯ ಬಾಯನ್ನೂ ಬೋರಿನ ಕೊಳವೆಯನ್ನೂ ನೋಡಿ ಅವಳ ಕಣ್ಣು ದೊಡ್ಡದಾಯಿತು. ಆಮೇಲೆ ಪೂಜಿತಾಳನ್ನು ಕಂಡಳು.

"ಅಯ್ಯೋ, ಬಂದ್ರಾ ತಾಯಿ! ನೀರಿನ ಇಸ್ಯ ಪೊಲೀಸ್ನೋರಿಗೆ ಹೇಳುದ್ರಾ?"

ಮಸೂದಾ ತಿರುಗಿದಳು. "ಯಾವ ನೀರಿನ ವಿಷಯ ಅಜ್ಜಿ?"

"ನಮ್ ಬಾವಿದು ಕಣವ್ವ. ಆ ಅಳತೆ ಸ್ವಾಮಿ ಸಾಯಾಕೆ ಮೊದ್ಲಿನ ಶನಿವಾರ ನೀರೆಲ್ಲ ದಾಸಾಳದ್ ಬಣ್ಣ ಆಗ್ಬುಡ್ತು. ಈಯವ್ವ ಬಂದು ಬಾಟ್ಲೀಲಿ ತುಂಬ್ಕಂಡು, ಈ ನೀರು ಕುಡೀಬ್ಯಾಡಿ, ಆದ್ರೆ ಯಾರ್ಗೂ ಬಾಯಿ ಬುಡಬ್ಯಾಡಿ, ನಾನೇ ನೋಡ್ಕತೀನಿ ಅಂದ್ರು. ಕುಡೀದೆ ಏನ್ ಮಾಡಾದು? ಇನ್ನೊಂದು ಬಾವಿ ಎಲ್ಲೈತೆ? ಹತ್ತು ದಿನದಿಂದ ಈ ಮಗೀಗೆ ಭೇದಿ ನಿಂತಿಲ್ಲ." ತಾಯಮ್ಮ ಕೂಸಿನ ಬೆನ್ನು ಸವರಿದಳು. "ಸೋಮಾರ ಸಂಜೇನೂ ಬಂದಿದ್ರಲ್ಲ ತಾಯಿ ನೀವು. ಆ ಸ್ವಾಮೀನ ಗಾಡೀಲಿ ಕರ್ಕಂಡು ಇಲ್ಲಿಗೇ ಹತ್ತುದ್ರಿ."

ಸೋಮವಾರ ಸಂಜೆ. ರವಿಚಂದ್ರನ ಕೊನೆಯ ಸಂಜೆ.

ಬೆಳಿಗ್ಗೆಯಿಂದ ತನ್ನ ಪಕ್ಕದಲ್ಲಿ ನಿಂತು, ಅಂಕಿಗಳನ್ನು ಓದಿ, ಹೆಜ್ಜೆ ಹೆಜ್ಜೆಗೂ ತನ್ನನ್ನು ಈ ತೊಟ್ಟಿಯ ಬಾಯಿಗೆ ನಡೆಸಿಕೊಂಡು ಬಂದ ಹುಡುಗಿಯನ್ನು ಮಸೂದಾ ಹೊಸದಾಗಿ ನೋಡುವಂತೆ ನೋಡಿದಳು. ತೋಳು ಹಿಡಿದು ನಾಲ್ಕು ಹೆಜ್ಜೆ ಆಚೆ ಎಳೆದಳು.

"ಒಂದು ನಿಮಿಷದ ಹಿಂದೆ ಗೊತ್ತಿರಲಿಲ್ಲ ಅಂದೆ."

ಪೂಜಿತಾಳ ತುಟಿ ಬಿಳಿಚಿತ್ತು, ಆದರೆ ಕಣ್ಣು ತಗ್ಗಲಿಲ್ಲ. "ಬಣ್ಣ ಹಾಕಿದ್ದು ನಾವಿಬ್ಬರೂ. ಸೋಮವಾರ ತೊಟ್ಟಿ ಫೋಟೋ ತೆಗೆಯೋಕೆ ಕರಕೊಂಡು ಬಂದೆ. ಅರ್ಧ ಗಂಟೆ ಇದ್ವಿ."

"ಮುಚ್ಚಳ ಹಾಕಿ ನೀನೊಬ್ಬಳೇ ವಾಪಸ್ ಹೋದೆ?"

"ಇಲ್ಲ ಮೇಡಂ. ಇಬ್ಬರೂ ವಾಪಸ್ ಹೋದ್ವಿ. ಫೋಟೋ, ಬಾವಿ ನೀರಿನ ಬಾಟಲಿ, ಎಲ್ಲ ಅವನ ಚೀಲದಲ್ಲಿತ್ತು. ಆರೂವರೆಗೆ ಅವನನ್ನ ಇಳಿಸಿ ನಾನು ಹಾಸನಕ್ಕೆ ಹೋದೆ. ಆಗ ಅವನು ಚೆನ್ನಾಗಿದ್ದ. ನಗ್ತಿದ್ದ."

"ಎಲ್ಲಿ ಇಳಿಸಿದೆ?"

ಪೂಜಿತಾ ಒಮ್ಮೆ ಅವಳ ಭುಜದಾಚೆ ನೋಡಿದಳು. ಆಮೇಲೆ ಪಿಸುಗುಟ್ಟಿದಳು.

"ನಿಮ್ಮ ಠಾಣೆ ಬಾಗಿಲಲ್ಲಿ. ದೂರು ಕೊಡೋಕೆ ಒಳಗೆ ಹೋದ. ನಾನೇ ನೋಡಿದೆ."

ಅಂಥ ದೂರಾಗಲಿ ಆ ಚೀಲವಾಗಲಿ ಠಾಣೆಯಲ್ಲಿ ಇರಲಿಲ್ಲ. ರವಿಚಂದ್ರ ಬಂದಿದ್ದ ಎಂದು ಈ ಒಂಬತ್ತು ದಿನದಲ್ಲಿ ಒಬ್ಬರೂ ಉಸಿರೆತ್ತಿರಲಿಲ್ಲ.

"ಅದಕ್ಕೇ ಹೇಳಲಿಲ್ಲ ಮೇಡಂ. ಯಾರಿಗೆ ಅಂತ ಹೇಳಲಿ? ನೀವು ಯಾವ ಕಡೆಯವರು ಅಂತ ನನಗೆ ಇವತ್ತಿನವರೆಗೂ ಗೊತ್ತಿರಲಿಲ್ಲ."

ಆ ಸೋಮವಾರ ಸಂಜೆ ಮಾರನಹಳ್ಳಿ ಬಳಿ ಗ್ಯಾಸ್ ಟ್ಯಾಂಕರ್ ಉರುಳಿತ್ತು. ಐದು ಗಂಟೆಗೇ ಮಸೂದಾ ಸಿಬ್ಬಂದಿಯನ್ನೆಲ್ಲ ಕರೆದುಕೊಂಡು ಘಾಟಿಗೆ ಹೋಗಿದ್ದಳು, ವಾಪಸಾದದ್ದು ರಾತ್ರಿ ಹತ್ತಕ್ಕೆ. ಮೊಣಕಾಲು ನೋವು ಎಂದವನೊಬ್ಬನನ್ನು ಮಾತ್ರ ಠಾಣೆ ಕಾಯಲು ಬಿಟ್ಟಿದ್ದಳು. ಡ್ಯೂಟಿ ಪಟ್ಟಿಗೆ ತಾನೇ ಸಹಿ ಹಾಕಿದ್ದು ನೆನಪಾಯಿತು. ದೂರು ಹಿಡಿದು ಬಂದ ರವಿಚಂದ್ರನಿಗೆ ಎದುರಾಗಿರಬಹುದಾದವನು ಅವನೊಬ್ಬನೇ.

ಅವಳು ಹಿಂದಿರುಗಿ ನೋಡಿದಳು.

ಸಲಿಕೆ ಸಿಪ್ಪೆಯ ರಾಶಿಗೆ ಒರಗಿ ನಿಂತಿತ್ತು. ಲಕ್ಕಯ್ಯ ಆಗಲೇ ಕೆಳಗಿನ ತಿರುವಿನಲ್ಲಿದ್ದ, ಜೀಪಿನ ಕಡೆಗೆ ಇಳಿಯುತ್ತಿದ್ದ. ಅವನು ಓಡುತ್ತಿರಲಿಲ್ಲ. ಪಾಳಿ ಮುಗಿಸಿ ಮನೆಗೆ ಹೊರಟವನ ಹಾಗೆ, ಒಂದು ಚೂರೂ ಕುಂಟದೆ, ನಡೆದು ಹೋಗುತ್ತಿದ್ದ.